ಭಾಷೆಯ ಬಗೆಯನ್ನು ನಿರ್ಧರಿಸುವುದು ಯಂತ್ರವೋ, ನಿಯಮವೋ?

ಗಣಕ ವಿಜ್ಞಾನದ ವ್ಯಾಸಂಗಕ್ಕೆ ಮಕ್ಕಳನ್ನು ಕಳುಹಿಸುವ ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಯಾವ ಪ್ರೋಗ್ರಾಮಿಂಗ್ ಭಾಷೆಯಾದರೇನು, ಒಳಗೆ ಓಡುವುದು ಅದೇ ಯಂತ್ರ, ಒಂದನ್ನು ಕಲಿತರೆ ಸಾಕು." ಈ ಮಾತು ಎಷ್ಟರಮಟ್ಟಿಗೆ ನಿಜ?

ಹೌಜ್ ಖಾಸ್‌ನಲ್ಲಿರುವ ದೆಹಲಿ ಐಐಟಿಯಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಪಾಠದ ಅಂಗವಾಗಿ ವಿದ್ಯಾರ್ಥಿಗಳಿಗೆ ನೀಡಲಾಗಿರುವ ಅಭ್ಯಾಸಗಳಲ್ಲೊಂದು ಕುತೂಹಲಕರವಾಗಿದೆ. ಓಕ್ಯಾಮಲ್ ಎಂಬ ಭಾಷೆಯನ್ನು ಬಳಸಿ ಪ್ರೊಲಾಗ್ ಎಂಬ ಮತ್ತೊಂದು ಭಾಷೆಯ ಕಿರುರೂಪವನ್ನು ಕಟ್ಟಬೇಕು. ಓಕ್ಯಾಮಲ್‌ನಲ್ಲಿ ಲೆಕ್ಕವನ್ನು ಬಹುಮಟ್ಟಿಗೆ ಗಣಿತದ ಫಂಕ್ಷನ್‌ಗಳಂತೆ ಬರೆಯುತ್ತಾರೆ. 1972ರ ಸುಮಾರಿಗೆ ಫ್ರಾನ್ಸಿನಲ್ಲಿ ರೂಪುಗೊಂಡ ಪ್ರೊಲಾಗ್‌ನಲ್ಲಾದರೋ ಸಂಗತಿಗಳನ್ನೂ ನಿಯಮಗಳನ್ನೂ ತಿಳಿಸಿ ಪ್ರಶ್ನೆ ಕೇಳುತ್ತಾರೆ; ಉತ್ತರವನ್ನು ಹುಡುಕುವ ಹೊಣೆ ಗಣಕದ್ದು. ಎರಡೂ ಕೊನೆಗೆ ಓಡುವುದು ಆಜ್ಞೆಗಳನ್ನು ಪಾಲಿಸುವ ಒಂದೇ ಯಂತ್ರದ ಮೇಲೆ. ಆದರೂ ಹೀಗೆ ಕಟ್ಟಿದ ಪ್ರೊಲಾಗ್ ತರ್ಕಪ್ರಧಾನ ಭಾಷೆಯಾಗಿಯೇ ಉಳಿಯುತ್ತದೆ. ತಜ್ಞರು ಪ್ಯಾರಡೈಮ್ ಎಂದು ಕರೆಯುವ ಆಲೋಚನಾ ಮಾದರಿಯು ಭಾಷೆಯ ನಿಯಮಗಳಲ್ಲಿದೆಯೇ ಹೊರತು ಒಳರಚನೆಯಲ್ಲಿಲ್ಲ.

ಬ್ಯಾಂಕಿನ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಖಾತೆಯಲ್ಲಿ ತಪ್ಪು ನಮೂದಾದರೆ ಅದನ್ನು ಅಳಿಸುವುದಿಲ್ಲ. ವಿರುದ್ಧ ನಮೂದಿನಿಂದ ಸರಿಪಡಿಸುತ್ತೇವೆ. ದಪ್ಪ ಲೆಡ್ಜರುಗಳ ಕಾಲದಲ್ಲಿಯೂ ಇದೇ ಪದ್ಧತಿ, ಗಣಕಗಳ ಕಾಲದಲ್ಲಿಯೂ ಇದೇ. ಯಂತ್ರದ ಮೆಮೊರಿಯಲ್ಲಿ ಕ್ಷಣಕ್ಷಣವೂ ಅಳಿಸಿ ಬರೆಯುವ ಕಾರ್ಯ ನಡೆದಿದ್ದರೂ ಲೆಕ್ಕದ ನಿಯಮ ಬದಲಾಗಲಿಲ್ಲ. 1990ರಲ್ಲಿ ಮೊದಲ ವಿವರಣೆ ಪ್ರಕಟವಾದ ಹ್ಯಾಸ್ಕೆಲ್ ಭಾಷೆಯೂ ಹೀಗೆಯೇ: ಒಮ್ಮೆ ಹೆಸರಿಟ್ಟ ಮೌಲ್ಯವು ಬದಲಾಗದು, ಒಳಗೆ ಯಂತ್ರವು ಏನೇ ಮಾಡಿಕೊಳ್ಳಲಿ.

ಹಾಗೆಂದು ಒಳರಚನೆಯನ್ನು ಕಡೆಗಣಿಸಲಾಗದು. ಫಂಕ್ಷನ್ ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳುವ ಶೈಲಿಯೊಂದುಂಟು. ಅಂತಹ ಕರೆಯು ಫಂಕ್ಷನ್ನಿನ ಕಟ್ಟಕಡೆಯ ಕೆಲಸವಾಗಿದ್ದರೆ ಅದಕ್ಕಾಗಿ ಮೆಮೊರಿ ಬೆಳೆಯಕೂಡದೆಂದು ಸ್ಕೀಮ್ ಭಾಷೆಯ ನಿಯಮವೇ ವಿಧಿಸುತ್ತದೆ. ಪೈಥಾನ್‌ನಲ್ಲಿ ಆ ಭರವಸೆಯಿಲ್ಲ. ಅದರ ಪ್ರಚಲಿತ ರೂಪವು, ಮಿತಿಯನ್ನು ಬದಲಿಸದಿದ್ದಲ್ಲಿ, ಸುಮಾರು 1000 ಕರೆಗಳ ಆಳದಲ್ಲಿ ನಿಲ್ಲಿಸಿಬಿಡುತ್ತದೆ. ಬರೆಯಲು ಅವಕಾಶವಿದ್ದರೂ ಆ ಶೈಲಿಯನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ. ರೂಢಿಯ ಭಾಷೆಗಳು ಯಂತ್ರದ ಅಚ್ಚಿನಲ್ಲೇ ಎರಕವಾಗಿವೆಯೆಂದು 1977ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಆಕ್ಷೇಪಿಸಿದವರು ಜಾನ್ ಬ್ಯಾಕಸ್. ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ತಂಡದ ನಾಯಕರೂ ಅವರೇ.

ಯಂತ್ರವು ಭಾಷೆಯ ಮೇಲೆ ಒತ್ತಡ ಹೇರಬಲ್ಲದು, ಅದರ ವೇಗವನ್ನು ಮಿತಗೊಳಿಸಬಲ್ಲದು. ಅದರ ಬಗೆಯನ್ನು ಮಾತ್ರ ನಿರ್ಧರಿಸಲಾರದು. ಆದುದರಿಂದ ಮಕ್ಕಳು ಎರಡನೆಯ, ಮೂರನೆಯ ಭಾಷೆಯನ್ನು ಕಲಿಯಲು ಮುಂದಾದಾಗ ಅದನ್ನು ಕಾಲಹರಣವೆಂದು ಭಾವಿಸಬಾರದು. ಅವರು ಕಲಿಯುತ್ತಿರುವುದು ಸಮಸ್ಯೆಯನ್ನು ಬಿಡಿಸುವ ಇನ್ನೊಂದು ಕ್ರಮವನ್ನು.