ಬೆಟ್ಟ ಹತ್ತುವ ಸೈಕಲ್ ಗೆಳತಿಯರು

ಮಗಳೋ ಸೊಸೆಯೋ ದೂರದ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ ಅಂತಿಟ್ಟುಕೊಳ್ಳಿ. ಭಾನುವಾರ ರಾತ್ರಿ ನೀವು ಫೋನ್ ಮಾಡಿದರೆ ಎತ್ತುವುದೇ ಇಲ್ಲ. ಸೋಮವಾರ ಬೆಳಿಗ್ಗೆ ನೀವು ಕಾಫಿ ಸೋಸುವ ಹೊತ್ತಿಗೆ ತಾನಾಗಿಯೇ ಮಾಡುತ್ತಾಳೆ. "ಬೆಟ್ಟಕ್ಕೆ ಸೈಕಲ್ ತಗೊಂಡು ಹೋಗಿದ್ದೆ ಅಮ್ಮಾ, ಮೈಯೆಲ್ಲಾ ಮಣ್ಣು!" ಅನ್ನುತ್ತಾಳೆ. ನಿಮಗೋ ಎದೆ ಧಸಕ್ಕೆನ್ನುತ್ತದೆ. ಸೈಕಲ್ಲು ರಸ್ತೆಯ ಮೇಲೆ ಹೋಗುವ ವಾಹನವಲ್ಲವೇ? ಬೆಟ್ಟಕ್ಕೇಕೆ ಒಯ್ಯಬೇಕು? ಅದೂ ಹೆಣ್ಣುಮಗಳು, ಮನೆ ಮಕ್ಕಳು ಇರುವವಳು!

ಹುಬ್ಬೇರಿಸುವ ಮೊದಲು ಸ್ವಲ್ಪ ಕೇಳಿ. ಈ ಬೆಟ್ಟದ ಸೈಕಲ್ಲಿಗೆ 'ಮೌಂಟನ್ ಬೈಕ್' ಎಂದು ಹೆಸರು. ಅದರ ಹುಚ್ಚು ಹತ್ತಿಸಿಕೊಂಡ ಹೆಂಗಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರು ದಿನ ಕಳೆಯುವುದು ಹೇಗೆ? ಏನು ತಿನ್ನುತ್ತಾರೆ, ಬಿದ್ದರೆ ಏನು ಮಾಡುತ್ತಾರೆ, ಮನೆಗೆಲಸದ ಗತಿ ಏನು? ಇದನ್ನೆಲ್ಲ ತಿಳಿದರೆ ನಮಗೂ ಒಂದೆರಡು ಮಾತು ಉಪಯೋಗಕ್ಕೆ ಬರುತ್ತವೆ.

ಕೀಲೆಣ್ಣೆ ಹೊಗೆಯಾದ ಇಳಿಜಾರು

ಈ ಆಟದ ತವರುಮನೆ ಎಂದು ಹೆಸರಾದದ್ದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕಿರುವ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕ ಯುವತಿಯರು 1930–40ರ ಕಾಲದ ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಬೆಟ್ಟದ ಮಣ್ಣುರಸ್ತೆಯಲ್ಲಿ ಇಳಿಸತೊಡಗಿದರು. ಒಂದೊಂದು ಸೈಕಲ್ಲೂ 20 ಕಿಲೋಗೂ ಹೆಚ್ಚು ಭಾರ! ಗಿಯರಿಲ್ಲದ ಅವನ್ನು ಮೇಲಕ್ಕೆ ತಳ್ಳಿಕೊಂಡೇ ಹೋಗಬೇಕು.

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರು ಮೊದಲ ಪಂದ್ಯ ಇಟ್ಟುಕೊಂಡರು. ಸುಮಾರು ಮೂರೂಕಾಲು ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಇಳಿಯುವ ದಾರಿ ಅದು. ಆ ಸೈಕಲ್ಲುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರದ ಗುಂಬದೊಳಗೆ. ಇಳಿಯುವಷ್ಟರಲ್ಲಿ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹಾರಿಹೋಗುತ್ತಿತ್ತು. ಗಾಡಿಗೆ ಕೀಲೆಣ್ಣೆ ಹಾಕುವಂತೆ ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮತ್ತೆ ಮತ್ತೆ ತುಂಬುವುದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. 1977ರಲ್ಲಿ ಜೋ ಬ್ರೀಜ್ ಎಂಬುವರು ಬೆಟ್ಟಕ್ಕೆಂದೇ ಹೊಸ ಸೈಕಲ್ ಕಟ್ಟಿದರು. ಗ್ಯಾರಿ ಫಿಶರ್, ಚಾರ್ಲಿ ಕೆಲಿ, ಟಾಮ್ ರಿಚಿ ಮೊದಲಾದವರು ಅದನ್ನು ವ್ಯಾಪಾರಕ್ಕೆ ತಂದರು.

ಗಂಡಸರ ಹೆಸರೇ ಆಯಿತಲ್ಲ ಅಂತೀರಾ? ಇಗೋ ಕೇಳಿ. ಅವರೊಡನೆ ಅದೇ ಇಳಿಜಾರು ಇಳಿಯುತ್ತಾ ಆ ಕಾಲವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದಿಟ್ಟವರು ವೆಂಡಿ ಕ್ರ್ಯಾಗ್ ಎಂಬ ಮಹಿಳೆ. ಅವರ ಫೋಟೋಗಳಿಲ್ಲದಿದ್ದರೆ ಈ ಚರಿತ್ರೆಯ ಬಹುಭಾಗ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. 1980ರಲ್ಲಿ ಚಾರ್ಲಿ ಕೆಲಿಯವರ ಜೊತೆಗೂಡಿ ಈ ಸೈಕಲ್ಲಿಗೆಂದೇ ಮೊದಲ ಪತ್ರಿಕೆ ಹೊರಡಿಸಿದವರು ಡೆನಿಸ್ ಕ್ಯಾರಮ್ಯಾನೊ. ಅವರೂ ಮಹಿಳೆಯೇ.

ಇದೂ ಸೈಕಲ್ಲೇ, ಆದರೆ...

ಮೊದಲು ಟಯರು ನೋಡಿ. ಎರಡು ಅಂಗುಲಕ್ಕೂ ಹೆಚ್ಚು ದಪ್ಪ, ಮೇಲೆ ಗುಬುಟು ಗುಬುಟು. ನಮ್ಮ ಸೈಕಲ್ ಅಂಗಡಿಯವನು ಬೆರಳಿಗೆ ಕಲ್ಲಿನಂತೆ ಹತ್ತುವವರೆಗೂ ಗಾಳಿ ತುಂಬುತ್ತಾನಲ್ಲ, ಇವರು ಹಾಗಲ್ಲ. ಚದರ ಅಂಗುಲಕ್ಕೆ 20ರಿಂದ 30 ಪೌಂಡು ಒತ್ತಡ ಸಾಕು. ಮೆತ್ತಗಿದ್ದರೆ ಟಯರು ಕಲ್ಲನ್ನು ಅಪ್ಪಿಕೊಳ್ಳುತ್ತದೆ, ಜಾರುವುದಿಲ್ಲ.

ಇನ್ನು ಗಿಯರು. ಮುಂದೆ ಸುಮಾರು 32 ಹಲ್ಲಿನ ಚಕ್ರ. ಹಿಂದೆ 10 ಹಲ್ಲಿನ ಪುಟ್ಟದರಿಂದ ಹಿಡಿದು 50ಕ್ಕೂ ಮೀರಿದ, ಊಟದ ತಟ್ಟೆಯಂಥ ದೊಡ್ಡ ಚಕ್ರದವರೆಗೆ ಸಾಲಾಗಿರುತ್ತವೆ. ಚೈನು ದೊಡ್ಡದರ ಮೇಲೆ ಕುಳಿತರೆ ಸೈಕಲ್ಲು ಆಮೆಯಂತೆ ನಡೆಯುತ್ತದೆ, ಆದರೆ ಕಡಿದಾದ ಏರನ್ನೂ ಹತ್ತುತ್ತದೆ. ತೊಡೆಯ ಬಲಕ್ಕಿಂತ ತಾಳ್ಮೆ ಮುಖ್ಯ! ಮುಂದಿನ ಕವೆಯಲ್ಲಿ ಕುಲುಕು ತಡೆಯುವ ಸ್ಪ್ರಿಂಗಿನ ವ್ಯವಸ್ಥೆ, ಒಂದೇ ಬೆರಳಿಗೆ ನಿಲ್ಲುವ ಡಿಸ್ಕ್ ಬ್ರೇಕು, ಇಳಿಜಾರಿನಲ್ಲಿ ಗುಂಡಿ ಒತ್ತಿದರೆ ತಗ್ಗುವ ಸೀಟು, ಇವೆಲ್ಲ ಈಗಿನ ಅನುಕೂಲಗಳು. ಬೆಲೆ ಮಾತ್ರ ಕೇಳಬೇಡಿ. ಒಳ್ಳೆಯ ಸೈಕಲ್ಲಿಗೆ ಅಲ್ಲಿ ಸಾವಿರಾರು ಡಾಲರು.

ವಾರವೆಲ್ಲ ಹೇಗೆ?

ಅಲ್ಲಿನ ಒಬ್ಬ ಸೈಕಲ್ ಗೆಳತಿಯ ವಾರವನ್ನು ಊಹಿಸಿಕೊಳ್ಳಿ. ಕೆಲಸಕ್ಕೆ ಹೋಗುವವಳು, ಶಾಲೆಗೆ ಹೋಗುವ ಮಕ್ಕಳ ತಾಯಿ. ವಾರದ ನಡುವೆ ಎರಡು ದಿನ ಬೆಳಗ್ಗೆ ಬೇಗ ಎದ್ದು ಒಂದು ಗಂಟೆ ಸವಾರಿ. ಶನಿವಾರವೋ ಭಾನುವಾರವೋ ಎರಡು ಮೂರು ಗಂಟೆಯ ದೊಡ್ಡ ಸವಾರಿ. ಅಷ್ಟೇ! ಉಳಿದದ್ದೆಲ್ಲ ಸಿದ್ಧತೆ, ಸ್ವಚ್ಛತೆ.

ಹೊರಡುವ ಮುನ್ನ ಹೊಟ್ಟೆಗೆ ಗಂಜಿಯೋ ಬ್ರೆಡ್ಡೋ. ಗಂಟೆಗೆ ಅರ್ಧ ಲೀಟರು ನೀರು, ಸೆಕೆಯಲ್ಲಿ ಇನ್ನೂ ಹೆಚ್ಚು. ಸವಾರಿ ಒಂದು ಗಂಟೆ ಮೀರಿದರೆ ಆಗಾಗ ಬಾಯಿಗೆ ಏನಾದರೂ ಬೀಳಲೇಬೇಕು. ಇಲ್ಲದಿದ್ದರೆ ಬೆಟ್ಟದ ನಡುವೆ ಕೈಕಾಲು ಸೋತು ಕಣ್ಣು ಕತ್ತಲಿಡುತ್ತದೆ. ಅಂಗಡಿಯ ದುಬಾರಿ ಪೊಟ್ಟಣವೇ ಆಗಬೇಕೆಂದಿಲ್ಲ. ಬಾಳೆಹಣ್ಣು, ಖರ್ಜೂರ, ನಮ್ಮ ಕಡಲೇಕಾಯಿ ಚಿಕ್ಕಿ ಇವೂ ಅದೇ ಕೆಲಸ ಮಾಡುತ್ತವೆ. ಮಗಳಿಗೆ ಕಳಿಸುವ ಡಬ್ಬಿಯಲ್ಲಿ ಚಿಕ್ಕಿಗೂ ಜಾಗ ಮಾಡಿ!

ಮನೆಗೆ ಬಂದ ಮೇಲೆ ಮೊದಲು ಸೋಪು ಹಚ್ಚಿ ಸ್ನಾನ. ಆ ಬೆಟ್ಟಗಳಲ್ಲಿ 'ಪಾಯ್ಸನ್ ಓಕ್' ಎಂಬ ಪೊದೆ ಬೆಳೆಯುತ್ತದೆ. ಅದು ನಮ್ಮ ಮಾವು, ಗೇರುಗಳ ಕುಟುಂಬಕ್ಕೇ ಸೇರಿದ್ದು. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೆಲವರಿಗೆ ಮೈ ಬೊಬ್ಬೆ ಬರುತ್ತದಲ್ಲ, ಇದೂ ಹಾಗೆಯೇ, ಇನ್ನೂ ಉಗ್ರ. ಬಟ್ಟೆಗೆ, ಹ್ಯಾಂಡಲ್ಲಿಗೆ ಅಂಟಿದ ಸೊನೆ ಎಷ್ಟೋ ದಿನದ ಮೇಲೂ ತುರಿಕೆ ತರುತ್ತದೆ. ಆದ್ದರಿಂದ ಸವಾರಿಯ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕುವುದಿಲ್ಲ, ಬೇರೆಯೇ ಒಗೆಯುತ್ತಾರೆ.

ಆಮೇಲೆ ಸೈಕಲ್ಲಿನ ಸರದಿ. ಚೈನಿನಲ್ಲಿ ಮಣ್ಣು ನಿಂತರೆ ಅದು ಉಪ್ಪುಕಾಗದದಂತೆ ಹಲ್ಲುಗಳನ್ನು ತೇಯುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆದು, ಹಳೇ ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಜಿಡ್ಡನ್ನು ಮತ್ತೆ ಒರೆಸಿಬಿಡಬೇಕು. ಪಂಕ್ಚರ್ ಹಾಕುವುದು, ಬ್ರೇಕು ಬಿಗಿ ಮಾಡುವುದು ಇವನ್ನೂ ಕಲಿತಿರಲೇಬೇಕು. ಕಾಡಿನಲ್ಲಿ ಪಂಕ್ಚರ್ ಅಂಗಡಿ ಎಲ್ಲಿಂದ ಬರಬೇಕು?

ಬೆಟ್ಟ ಎಂದರೆ ಸ್ವೇಚ್ಛೆಯಲ್ಲ. ಅಲ್ಲಿಯ ಟ್ಯಾಮಲ್‌ಪಾಯಸ್ ಬೆಟ್ಟದ ಮಣ್ಣುರಸ್ತೆಗಳಲ್ಲಿ ಸೈಕಲ್ಲಿಗೂ ವೇಗಮಿತಿ ಇದೆ. ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್. ಮುಂದೆ ಕಾಣದ ತಿರುವಿನಲ್ಲಿ 5 ಮೈಲಿ ಮಾತ್ರ. ನಡೆದುಹೋಗುವವರಿಗೂ ಕುದುರೆಗೂ ಸೈಕಲ್ಲಿನವರೇ ದಾರಿ ಬಿಡಬೇಕು.

ಆ ಒಂದು ಗಂಟೆ ಎಲ್ಲಿಂದ ಬಂತು?

ಈಗ ಮುಖ್ಯ ಪ್ರಶ್ನೆ. ಅವಳಿಗೆ ಹೊತ್ತು ಸಿಕ್ಕಿದ್ದು ಹೇಗೆ? ಅಲ್ಲಿಯೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಅಲ್ಲಿಯೂ ಪಾತ್ರೆ, ಬಟ್ಟೆ, ಜ್ವರ ಬಂದ ಮಗು ಎಲ್ಲ ಉಂಟು. "ಎಲ್ಲಾ ಕೆಲಸ ಮುಗಿದ ಮೇಲೆ ಹೋಗುತ್ತೇನೆ" ಎಂದು ಕುಳಿತವಳು ಎಲ್ಲಿಯೂ ಹೋಗುವುದಿಲ್ಲ. ಮನೆಗೆಲಸ ಮುಗಿಯುವುದು ಉಂಟೇ? ನಿಮಗೆ ನಾನು ಹೇಳಬೇಕೇ!

ಸವಾರಿಯನ್ನು ವರ್ಷಗಟ್ಟಲೆ ಉಳಿಸಿಕೊಂಡವರು ಮಾಡುವುದಿಷ್ಟು: ಆ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ, ಹಾಲಿನ ಲೆಕ್ಕ ಬರೆದಿಡುವಂತೆ. ಶನಿವಾರ ಅವರು ಮಕ್ಕಳನ್ನು ನೋಡಿಕೊಂಡರೆ ಭಾನುವಾರ ಇವರು. ಬೇಡಿ ಪಡೆದ ಗಂಟೆಯಲ್ಲ ಅದು, ಒಪ್ಪಂದದ ಗಂಟೆ. ಇನ್ನೊಂದು ಮಾತನ್ನೂ ಮರೆಯಬಾರದು. ಗಂಡನಾಗಲಿ ಹೆಂಡತಿಯಾಗಲಿ ಪ್ರತಿ ವಾರವೂ ಬೆಟ್ಟವೆಂದು ಹೊರಟು ಮನೆಯ ಭಾರವನ್ನೆಲ್ಲ ಇನ್ನೊಬ್ಬರ ಮೇಲೆ ಹಾಕಿದರೆ ಆ ಹುಚ್ಚು ಸಂಸಾರಕ್ಕೆ ಮುಳ್ಳಾಗುತ್ತದೆ. ಗಂಟೆ ಇಬ್ಬರಿಗೂ ಬೇಕು.

ಬೀಳುವುದು, ಚಹಾ ಕುಡಿಯುವುದು

ಬೀಳುವುದಿಲ್ಲವೇ? ಬೀಳುತ್ತಾರೆ. ಮೊಣಕಾಲು ತರಚುವುದು ಸಾಮಾನ್ಯ. ಮುಂಗೈ, ಹೆಗಲ ಬಳಿಯ ಕೊರಳೆಲುಬು ಮುರಿದುಕೊಂಡವರೂ ಉಂಟು. ಆದ್ದರಿಂದ ಹೆಲ್ಮೆಟ್ಟು, ಕೈಚೀಲ, ಮೊಣಕಾಲು ಪಟ್ಟಿ ಇಲ್ಲದೆ ಹೊರಡುವುದು ಜಾಣತನವಲ್ಲ. ಕಲಿಸುವವರು ಹೇಳುವ ಮೊದಲ ಪಾಠ ಇದು: ಕಲ್ಲನ್ನು ನೋಡಬೇಡಿ, ಹೋಗಬೇಕಾದ ದಾರಿಯನ್ನು ನೋಡಿ. ಕಣ್ಣು ಕಲ್ಲಿನ ಮೇಲೆ ನೆಟ್ಟರೆ ಚಕ್ರವೂ ಅಲ್ಲಿಗೇ ಹೋಗುತ್ತದೆ. ಇಳಿಯುವಾಗ ಸೀಟಿನಿಂದ ಎದ್ದು, ಎರಡು ಪೆಡಲನ್ನೂ ಸಮ ಮಾಡಿ, ಮೊಣಕೈ ಮೊಣಕಾಲು ಸಡಿಲ ಬಿಟ್ಟು ನಿಲ್ಲಬೇಕು. ಬ್ರೇಕನ್ನು ಗಬಕ್ಕನೆ ಹಿಡಿಯದೆ ಮೆಲ್ಲಗೆ ಅಮುಕಬೇಕು.

ಬೀಳುವ ನೋವಿಗಿಂತ ಹೆಂಗಸರನ್ನು ಹೆಚ್ಚು ತಡೆಯುವುದು "ನಾಲ್ಕು ಜನ ನಕ್ಕರೆ?" ಎಂಬ ಅಂಜಿಕೆ. ಇದಕ್ಕೊಂದು ಉಪಾಯ ಕಂಡವರು ಮರಿನ್‌ನ ಜ್ಯಾಕಿ ಫೆಲನ್. 1983, 84, 85 ಮೂರು ವರ್ಷವೂ ಅಮೆರಿಕದ ರಾಷ್ಟ್ರೀಯ ಮಹಿಳಾ ಪಂದ್ಯ ಗೆದ್ದವರು. ಪದಕ ಗೆದ್ದು ಸುಮ್ಮನಿರದೆ 1980ರ ದಶಕದಲ್ಲೇ ಹೆಂಗಸರಿಗೆಂದು ಒಂದು ಸಂಘ ಕಟ್ಟಿದರು. ಅದರ ಹೆಸರು ಏನು ಗೊತ್ತೇ? ಮಹಿಳೆಯರ ಮೌಂಟನ್ ಬೈಕ್ ಮತ್ತು ಚಹಾ ಸಂಘ! ಹೊಸಬರು ಬರಬೇಕು, ಬೀಳಬೇಕು, ಏಳಬೇಕು, ಕುಳಿತು ಚಹಾ ಕುಡಿಯಬೇಕು. ಕಲಿಕೆಗೆ ಬೇಕಾದದ್ದು ಧೈರ್ಯಕ್ಕಿಂತ ನಗದ ಜೊತೆಗಾತಿಯರು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಟ ಸಿಕ್ಕಿದ್ದು 1984ರಲ್ಲಿ. ಗಂಡಸರು 1896ರಿಂದಲೇ ಓಡುತ್ತಿದ್ದರು! ಆದರೆ ಮೌಂಟನ್ ಬೈಕ್ ಪಂದ್ಯ 1996ರಲ್ಲಿ ಅಟ್ಲಾಂಟಾದಲ್ಲಿ ಇಬ್ಬರಿಗೂ ಒಟ್ಟಿಗೇ ಆರಂಭವಾಯಿತು. ಮಹಿಳೆಯರ ಮೊದಲ ಚಿನ್ನ ಇಟಲಿಯ ಪಾವೊಲಾ ಪೆಜ್ಜೊ ಅವರಿಗೆ. 2004ರಲ್ಲಿ ಚಿನ್ನ ಗೆದ್ದ ನಾರ್ವೆಯ ಗುನ್ ರೀಟಾ ದಾಲೆ 2009ರಲ್ಲಿ ತಾಯಿಯಾದರು, ಮತ್ತೆ ಸೈಕಲ್ ಹತ್ತಿದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 43ನೇ ವಯಸ್ಸಿನಲ್ಲಿ ಸ್ಪರ್ಧಿಸಿದರು. "ನಮಗಿನ್ನು ವಯಸ್ಸಾಯ್ತು" ಅನ್ನುವ ಮೊದಲು ಒಮ್ಮೆ ಅವರನ್ನು ನೆನೆಯಿರಿ.

ನಮ್ಮ ಪಡಸಾಲೆಯ ಸೈಕಲ್ಲು

ನಾವೇನು ಬೆಟ್ಟ ಹತ್ತಬೇಕಾಗಿಲ್ಲ. ಆದರೆ ಸೈಕಲ್ಲು ನಮಗೆ ಹೊರಗಿನದೂ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ಪಂದ್ಯ ಮನೆಮಾತು. 2006–07ರಲ್ಲಿ ಕರ್ನಾಟಕ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಅಂದು ಗಂಟೆ ಬಾರಿಸುತ್ತಾ ಶಾಲೆಗೆ ಹೋದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಕೆಲವರು ಈ ಪುಟ ಓದುತ್ತಿರಲೂಬಹುದು. ಮದುವೆಯಾದ ಮೇಲೆ ಆ ಸೈಕಲ್ಲು ಎಲ್ಲಿ ಹೋಯಿತು? ತವರಿನ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆಯೇ?

ಕಲಿಯದೇ ಇದ್ದವರೂ ನಿರಾಶರಾಗಬೇಡಿ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು, ಮಕ್ಕಳ ತಾಯಂದಿರು, ಸೈಕಲ್ ಕಲಿತರು. ನೀವೂ ಹೀಗೆ ಮಾಡಿ ನೋಡಿ:

• ಎರಡೂ ಪೆಡಲು ಬಿಚ್ಚಿಸಿ, ಪಾದ ನೆಲಕ್ಕೆ ಪೂರ್ತಿ ತಾಗುವಂತೆ ಸೀಟು ತಗ್ಗಿಸಿ. ಬಯಲಿನಲ್ಲಿ ಕಾಲಿನಿಂದ ತಳ್ಳುತ್ತಾ ಸಾಗಿ. ತೂಕ ಹಿಡಿಯುವುದು ಬಂದ ಮೇಲೆ ಪೆಡಲು ಹಾಕಿಸಿ.

• ಚೆನ್ನಾಗಿ ಬಂದ ಮೇಲೆ ಸೀಟು ಏರಿಸಿ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತೀರ ತಗ್ಗಾಗಿದ್ದರೆ ಮಂಡಿ ನೋಯುತ್ತದೆ.

• ಚೈನಿಗೆ ಅಡುಗೆ ಎಣ್ಣೆ ಹಾಕಬೇಡಿ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಸೈಕಲ್ ಅಂಗಡಿಯ ಎಣ್ಣೆಯೇ ಸರಿ.

• ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಚೈನಿಗೆ ಮುಚ್ಚಳ, ಹಿಂದಿನ ಚಕ್ರಕ್ಕೆ ಬಲೆ ಇರಲಿ.

• ಮಂಡಿನೋವು, ಎದೆಯ ತೊಂದರೆ, ತಲೆಸುತ್ತು ಇದ್ದವರು ಮೊದಲು ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಮೊದಲು ಜೊತೆಗೆ ಪಕ್ಕದ ಮನೆಯವರನ್ನು ಕರೆಯಿರಿ, ಮತ್ತೆ ಕ್ಯಾಲೆಂಡರಿನಲ್ಲಿ ನಿಮ್ಮ ಗಂಟೆಯನ್ನು ಬರೆಯಿರಿ. ಮನೆಯವರೆಲ್ಲ ಓದುವಂತೆ ದೊಡ್ಡದಾಗಿಯೇ ಬರೆಯಿರಿ. ಸವಾರಿ ಮುಗಿಸಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಒಂದು ಲೋಟ ಚಹಾ ಕುಡಿಯುವುದನ್ನು ಮಾತ್ರ ಮರೆಯಬೇಡಿ!