ಅಜ್ಜ–ಮೊಮ್ಮಗ ಎಣಿಸಿದ ಪಾವಟಿಗೆಗಳು

ಬಾದಾಮಿಯ ಉತ್ತರ ಕೋಟೆ ಹತ್ತುವಾಗ ನಾನೂ ನನ್ನ ಮೊಮ್ಮಗನೂ ಪಂಥ ಕಟ್ಟಿದ್ದೆವು. ಇಬ್ಬರೂ ಮನಸ್ಸಿನಲ್ಲೇ ಮೆಟ್ಟಿಲು ಎಣಿಸುವುದು, ಮೇಲೆ ಹೋಗಿ ತಾಳೆ ನೋಡುವುದು. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಲೆಡ್ಜರ್ ಬರೆದವನು ನಾನು. ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೊರಟವನಲ್ಲ. ಆದರೂ ಮೇಲಿನ ಶಿವಾಲಯದ ಮುಂದೆ ಕುಳಿತು ಲೆಕ್ಕ ಒಪ್ಪಿಸಿದಾಗ ಅವನದಕ್ಕೂ ನನ್ನದಕ್ಕೂ ಹದಿನೇಳರ ವ್ಯತ್ಯಾಸ!

"ಅಜ್ಜಾ, ನೀ ನಡುವ ನೀರ ಕುಡಿಯಾಕ ನಿಂತಾಗ ಮರ್ತಿ" ಎಂದ.

ಇಳಿಯುವಾಗ ಮತ್ತೆ ಎಣಿಸಿದೆವು. ಈ ಸಲ ಮೂರನೆಯದೇ ಒಂದು ಸಂಖ್ಯೆ ಬಂತು. ಆಮೇಲೆ ಹೊಳೆಯಿತು, ತಪ್ಪು ನಮ್ಮಿಬ್ಬರದ್ದೂ ಅಲ್ಲ. ಅಲ್ಲಿ ಕೆಲವು ಮೆಟ್ಟಿಲು ಕಡಿದು ತಂದು ಜೋಡಿಸಿದ ಕಲ್ಲು, ಕೆಲವು ಬಂಡೆಯಲ್ಲೇ ಕೊರೆದದ್ದು. ಕೆಲವು ಎಷ್ಟು ಸವೆದಿವೆಯೆಂದರೆ, ಇದು ಮೆಟ್ಟಿಲೋ ಬರೀ ಇಳಿಜಾರೋ ಎಂದು ನಿಂತು ಯೋಚಿಸಬೇಕು. ನಾನು ಅಂಥವನ್ನು ಜಮಾ ಹಿಡಿದಿದ್ದೆ, ಅವನು ಬಿಟ್ಟಿದ್ದ.

ಮಕ್ಕಳೇ, ನೀವು ಮೆಟ್ಟಿಲು ಅನ್ನುವುದಕ್ಕೆ ನಮ್ಮ ಬಾಗಲಕೋಟೆ ಕಡೆ ಪಾವಟಿಗೆ ಎನ್ನುತ್ತೇವೆ. ನಮ್ಮ ಸೀಮೆಗೆ ಪಾವಟಿಗೆ ಬರೀ ಗುಡಿಗೆ ಹೋಗುವ ದಾರಿಯಲ್ಲ. ಹೊಳೆಗೆ ಇಳಿಯಲು, ಹೊಂಡಕ್ಕೆ ಇಳಿಯಲು, ಗುಡ್ಡ ಹತ್ತಲು ಎಲ್ಲದಕ್ಕೂ ಅದೇ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದನೆಂದು ಹೇಳುವ ಶಾಸನವಿದೆ. ಅದರ ಕಾಲ ಕ್ರಿ.ಶ. 543. ಎದುರಿನ ಗುಡ್ಡದ ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, ಅಲ್ಲಿಯ ಶಾಸನ 578ರದ್ದು. ರಾಜರು ಶಾಸನ ಬರೆಸಿದರು, ಸರಿ. ಅದನ್ನು ಓದಬೇಕಾದರೆ ನಾವು ಮೆಟ್ಟಿಲನ್ನೇ ಹತ್ತಬೇಕು. ಆ ಕಲ್ಲು ಕಡಿದವನ ಹೆಸರು ಮಾತ್ರ ಯಾವ ಮೆಟ್ಟಿಲಿನ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಉತ್ತರ ಕೋಟೆಯ ದಾರಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಪಕ್ಕದಿಂದ ಏರುತ್ತದೆ. ಎರಡೂ ಕಡೆ ಕೆಂಪು ಬಂಡೆ ಗೋಡೆಯ ಹಾಗೆ ನಿಂತು, ನಡುವೆ ಸಂದಿಯಲ್ಲಿ ಪಾವಟಿಗೆ. ತಲೆ ಎತ್ತಿದರೆ ಆಕಾಶ ಸಣ್ಣ ಅರಿವೆ ಪಟ್ಟಿಯಷ್ಟೇ ಕಾಣುತ್ತದೆ. ಬೇಸಿಗೆಯಲ್ಲೂ ತಣ್ಣಗೆ. (ಕೈಯಲ್ಲಿ ಬಾಳೆಹಣ್ಣು ಹಿಡಿದು ಹೋಗಬೇಡಿ. ಮಂಗಗಳು ನಿಮಗಿಂತ ಚುರುಕು.) ಒಂದು ಮೆಟ್ಟಿಲು ಗೇಣೆತ್ತರ, ಮುಂದಿನದು ಮೊಳಕಾಲೆತ್ತರ. ಏದುಸಿರು ಬಿಡುತ್ತಾ ಮೇಲೆ ಬರುವ ವೈರಿಗೆ ಇದು ಎಷ್ಟು ಕಷ್ಟವಾಗಿರಬೇಕು ಎಂದು ಮೊಮ್ಮಗನಿಗೆ ಹೇಳಿದೆ. ಆದರೂ ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದೇ ಬಿಟ್ಟ. ಬರೀ ಮೆಟ್ಟಿಲನ್ನು ನಂಬಿ ಕೂರಲಾಗದು.

ಈ ಕಲ್ಲಿನ ಗುಣ ಸ್ವಲ್ಪ ತಿಳಿದುಕೊಳ್ಳಬೇಕು. ಬಾದಾಮಿಯದು ಮರಳುಗಲ್ಲು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ. ಮಳೆ ಬಂದರೆ ನೀರು ಹೀರುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಜನ ತುಳಿದು ತುಳಿದು ನಡುಭಾಗ ತಗ್ಗಾಗುತ್ತದೆ. ತಗ್ಗಿನಲ್ಲಿ ನೀರು ನಿಂತು ಪಾಚಿ ಕಟ್ಟಿ ಕಾಲು ಜಾರುತ್ತದೆ. ಆಗ ನಾವು ಮಾಡುವ ಮೊದಲ ಕೆಲಸವೇನು? ಒಂದು ಬುಟ್ಟಿ ಸಿಮೆಂಟ್ ತಂದು ಮೆತ್ತುವುದು! ಒಳಗೆ ಹೊಕ್ಕ ನೀರು ಗಟ್ಟಿ ಸಿಮೆಂಟಿನ ಮೂಲಕ ಸುಲಭವಾಗಿ ಹೊರಬರಲಾರದು. ಅದು ಪಕ್ಕದ ಕಲ್ಲಿನಿಂದಲೇ ಆರಬೇಕು. ನೀರಿನಲ್ಲಿ ಕರಗಿದ ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮೈಯನ್ನು ಹಪ್ಪಳದಂತೆ ಏಳಿಸುತ್ತದೆ. ಕೆಲವು ವರ್ಷದಲ್ಲಿ ಸಿಮೆಂಟ್ ಉಳಿದು ಕಲ್ಲು ಹೋಗಿರುತ್ತದೆ. ಹಳೆಯವರು ಬಳಸುತ್ತಿದ್ದ ಸುಣ್ಣದ ಗಾರೆ ಮೆದು, ಅದು ಕಲ್ಲಿಗೆ ಉಸಿರಾಡಲು ಬಿಡುತ್ತದೆ. ಜೋಡಿಸಿದ ಕಲ್ಲು ಸವೆದಿದ್ದರೆ ಇನ್ನೂ ಸುಲಭದ ಉಪಾಯವಿದೆ. ಎಬ್ಬಿಸಿ, ತಿರುವಿ, ಹಿಂಬದಿ ಮೇಲೆ ಬರುವಂತೆ ಹಾಕುವುದು.

ಬಾದಾಮಿಯ ಸ್ಮಾರಕಗಳಿಗೆ ಕಾಯಿದೆಯ ರಕ್ಷಣೆ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ನನಗೆ ಚಿಂತೆ ಇರುವುದು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲದ ಸಣ್ಣ ಊರುಗಳ ಪಾವಟಿಗೆಗಳದ್ದು.

ನಾವು ವರ್ಷಕ್ಕೊಮ್ಮೆ ಹೋಗುವ ಒಂದು ಗುಡ್ಡದ ಗುಡಿ ಇದೆ. ಊರಿನ ಹೆಸರು ಬೇಡ. ಭಕ್ತರು ದುಡ್ಡು ಕೂಡಿಸಿ ಕೆಳಗಿನ ಅರ್ಧ ಮೆಟ್ಟಿಲಿಗೆ ಗ್ರಾನೈಟ್ ಹಾಸಿದರು. ಇಳಕಲ್ಲಿನ ಕೆಂಪು ಗ್ರಾನೈಟ್ ಗೊತ್ತಲ್ಲ, ದೇಶ–ವಿದೇಶಕ್ಕೆ ಹೋಗುವ ಕಲ್ಲು. ಕಲ್ಲಿನದೇನೂ ತಪ್ಪಿಲ್ಲ. ಪಾಲಿಶ್ ಮಾಡಿ ಕನ್ನಡಿಯಂತೆ ಹೊಳೆಯುವುದನ್ನು ಬಯಲಲ್ಲಿ, ಅದೂ ಮೆಟ್ಟಿಲಿಗೆ ಹಾಕಿದ್ದು ತಪ್ಪು. ಮೊದಲ ಮಳೆಗೇ ನಮ್ಮ ಮನೆಯವರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪಟ್ಟಿ. ಆ ಆರು ವಾರ ರೊಟ್ಟಿ ಬಡಿಯಲು ಕಲಿತವನು ನಾನು. ನನ್ನ ರೊಟ್ಟಿಯ ಆಕಾರದ ವಿಷಯ ಇಲ್ಲಿ ಬೇಡ.

ಗುಡಿಯ ಹಿರಿಯರ ಹತ್ತಿರ ಹೋಗಿ ಹೇಳಿದೆ. "ಬ್ಯಾಂಕಿನ ಸಾಹೇಬ್ರ, ನೋಡಾಕ ಚಂದ ಬ್ಯಾಡೇನ್ರಿ? ಹಳೇ ಕಲ್ಲ ಎಷ್ಟ ಅಂತ ಇಟ್ಕೊಳ್ಳೂದು?" ಎಂದರು. ಕೆಟ್ಟ ಮನಸ್ಸಿನವರಲ್ಲ. ತಮ್ಮ ಕೈಯಿಂದಲೂ ದುಡ್ಡು ಹಾಕಿದವರು. ಕಿತ್ತ ಹಳೆಯ ಕಲ್ಲುಗಳು ಎಲ್ಲಿ ಎಂದು ಕೇಳಿದೆ. ಗಟಾರಿಗೆ ಮುಚ್ಚಲು ಹೋಗಿದ್ದವು. ಮೇಲಿನ ಅರ್ಧ ಮಾತ್ರ ಹಾಗೇ ಇದೆ, ಮುಂದಿನ ವರ್ಷದ ಪಟ್ಟಿ ಎತ್ತಿದ ಮೇಲೆ ಅದೂ ಆಗಬೇಕಂತೆ.

ನನಗೆ ಇಷ್ಟು ಹಟ ಯಾಕೆ ಎಂದು ಮಗ ಕೇಳುತ್ತಾನೆ. ಹಳೇ ಬಾಗಲಕೋಟೆಯಲ್ಲಿ ಘಟಪ್ರಭೆಗೆ ಇಳಿಯುವ ಪಾವಟಿಗೆಯ ಮೇಲೆ ನಾನು ಮಗ್ಗಿ ಕಲಿತವನು. ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು ಹೇಳುತ್ತಾ ಇಳಿಯುತ್ತಿದ್ದೆ. ಆಲಮಟ್ಟಿ ಜಲಾಶಯ ತುಂಬಿದಾಗ ಊರಿನ ತಗ್ಗಿನ ಭಾಗದ ಜೊತೆ ಅವೂ ನೀರಿನೊಳಗೆ ಹೋದವು. ನಾವು ನವನಗರಕ್ಕೆ ಬಂದೆವು. ಹೊಲಗಳಿಗೆ ನೀರು ಬೇಕಿತ್ತು, ಆ ಮಾತು ಬೇರೆ. ಮುಳುಗಿದ್ದನ್ನು ಯಾರೂ ತಂದುಕೊಡಲಾರರು. ಒಣ ಗುಡ್ಡದ ಮೇಲಿರುವುದನ್ನು ನಾವೇ ಕಿತ್ತು ಹಾಕಬೇಕೇ?

ಕೂಡಲಸಂಗಮಕ್ಕೆ ಹೋದವರು ಇನ್ನೊಂದು ದಾರಿ ನೋಡಿರುತ್ತೀರಿ. ಕೃಷ್ಣೆ–ಮಲಪ್ರಭೆ ಕೂಡುವ ಜಾಗ ನಾರಾಯಣಪುರ ಜಲಾಶಯದ ಹಿನ್ನೀರಿಗೆ ಸಿಗುವಂಥದ್ದು. ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಅದರ ಸುತ್ತ ಬಾವಿಯಂಥ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ಹೊಳೆ, ಒಳಗೆ ಮೆಟ್ಟಿಲು. ನೀರಿಗಿಂತ ಕೆಳಗೆ ಒಣಗಾಲಲ್ಲಿ ಇಳಿದು ಹೋಗಬಹುದು. ಮೊಮ್ಮಗ ಅಲ್ಲಿ ಗೋಡೆಗೆ ಕಿವಿ ಹಚ್ಚಿ, "ಅಜ್ಜಾ, ಹೊಳಿ ಈ ಕಡೆ ಐತೇನ?" ಎಂದು ಪಿಸುಗುಟ್ಟಿದ. ಮನಸ್ಸು ಮಾಡಿದರೆ ಹೊಳೆಯನ್ನೇ ಹೊರಗೆ ನಿಲ್ಲಿಸಬಹುದು ಎಂದು ನನಗನ್ನಿಸಿದ್ದು ಅಲ್ಲೇ.

ಅಮೆರಿಕದ ಪಿಟ್ಸ್‌ಬರ್ಗ್ ಎಂಬ ಗುಡ್ಡಗಾಡಿನ ಶಹರದಲ್ಲಿ ಇಂಥ ಸಾರ್ವಜನಿಕ ಮೆಟ್ಟಿಲುದಾರಿಗಳು 700ಕ್ಕೂ ಹೆಚ್ಚಿವೆ. ಗುಡ್ಡದ ಮೇಲಿನ ಮನೆಗಳಿಂದ ಕೆಳಗಿನ ಉಕ್ಕಿನ ಕಾರ್ಖಾನೆಗಳಿಗೆ ಕೆಲಸಗಾರರು ಇಳಿದು ಹೋಗುತ್ತಿದ್ದ ದಾರಿಗಳವು. ಎಷ್ಟೋ ಮೆಟ್ಟಿಲುಸಾಲುಗಳು ಅಲ್ಲಿಯ ನಕಾಶೆಯಲ್ಲಿ ಬೀದಿ ಎಂದೇ ದಾಖಲಾಗಿವೆ, ಬೀದಿಯ ಹೆಸರೂ ಇದೆ. ಬಾಬ್ ರೀಗನ್ ಎಂಬವರು ಊರೆಲ್ಲ ಸುತ್ತಿ ಅವನ್ನು ಎಣಿಸಿ ಪುಸ್ತಕವನ್ನೇ ಬರೆದರು. ಇದನ್ನು ಓದಿದ ದಿನ ನನಗೆ ಒಳಗೊಳಗೇ ಖುಷಿಯಾಯಿತು. ಎಣಿಸುವ ಹುಚ್ಚು ನನಗೊಬ್ಬನಿಗೇ ಅಲ್ಲ! ಎಲ್ಲವನ್ನೂ ಒಮ್ಮೆಗೇ ದುರಸ್ತಿ ಮಾಡಲು ಆ ನಗರದಲ್ಲೂ ದುಡ್ಡಿಲ್ಲ. ಆದ್ದರಿಂದ ಜನ ಹೆಚ್ಚು ಬಳಸುವುದನ್ನು, ಬಸ್ ಸ್ಟಾಪಿಗೆ ಹೋಗುವಂಥದ್ದನ್ನು ಮೊದಲು ಹಿಡಿಯುತ್ತಾರೆ.

ಅದೇ ರೀತಿ ನಾವೂ ಶುರು ಮಾಡಿದ್ದೇವೆ. ಮೊನ್ನೆ ರಜೆಯಲ್ಲಿ ಮೊಮ್ಮಗನೂ ನಾನೂ ಆ ಗುಡ್ಡದ ಗುಡಿಗೆ ಹೋಗಿ ಮೇಲಿನ ಅರ್ಧ ಎಣಿಸಿ ಬಂದೆವು. ಅವನ ಗಣಿತದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಕೊಟ್ಟೆ: ಗಟ್ಟಿ, ಸವೆದದ್ದು, ಅಲುಗಾಡುವುದು, ಇಲ್ಲವೇ ಇಲ್ಲ. ಅವನು ಪ್ರತಿ ಕಲ್ಲಿನ ಮೇಲೂ ನಿಂತು ಕುಣಿದು ಪರೀಕ್ಷೆ ಮಾಡಿದ. ನಾನು ನೆರಳಲ್ಲಿ ಕುಳಿತು ಬರೆದೆ. ಒಟ್ಟು 112. ಅದರಲ್ಲಿ 94 ಗಟ್ಟಿ! ದುರಸ್ತಿ ಬೇಕಾದದ್ದು ಹದಿನೆಂಟೇ. ಇಬ್ಬರ ಲೆಕ್ಕವೂ ಈ ಸಲ ತಾಳೆಯಾಯಿತು.

ಶ್ರಾವಣದಲ್ಲಿ ಗುಡಿಯ ಸಭೆ ಇದೆ. ನೋಟ್‌ಬುಕ್ ಒಯ್ಯುತ್ತೇನೆ. ಹೊಸ ಕಲ್ಲಿನ ಖರ್ಚು ಒಂದು ಕಡೆ, ಹದಿನೆಂಟು ಹಳೆಯ ಕಲ್ಲು ಕೂರಿಸುವ ಖರ್ಚು ಇನ್ನೊಂದು ಕಡೆ ಬರೆದಿಟ್ಟಿದ್ದೇನೆ. ಹಾಕಿದ ಗ್ರಾನೈಟಿನ ಮೇಲೆ ಉಳಿಯಿಂದ ಒರಟು ಗೀರು ಹೊಡೆಸಿರೆಂದೂ ಕೇಳುವವನಿದ್ದೇನೆ. ನಮ್ಮ ಮನೆಯವರೂ ಸಭೆಗೆ ಬರುತ್ತಾರಂತೆ, ಮುರಿದಿದ್ದ ಕೈ ತೋರಿಸಲು.