ದ್ವೀಪದ ಹಡಗನ್ನೇರುವ ಮುನ್ನ

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗು ಪ್ರವಾಸಿಗರಿಗೆ ವಿಹಾರ. ದ್ವೀಪವಾಸಿಗಳಿಗೋ ಅದೇ ಊರಿನ ಬಸ್ಸು. ಚಿಕಿತ್ಸೆ ಮುಗಿಸಿ ಮರಳುವ ರೋಗಿಯೂ ರಜೆಗೆ ಹೊರಟ ವಿದ್ಯಾರ್ಥಿಯೂ ಪಕ್ಕದ ಬರ್ತಿನಲ್ಲಿ ಮಲಗಿರಬಹುದು. ಆದುದರಿಂದ ರಾತ್ರಿ ಮೊಬೈಲಿನ ಹಾಡು ಬೇಡ. ಪ್ರವೇಶ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಕಡಲಯಾನದ ವಾಂತಿಗೆ ವೈದ್ಯರು ಸೂಚಿಸಿದ ಮಾತ್ರೆಯನ್ನು ಹಡಗು ಹೊರಡುವ ಮುನ್ನವೇ ಸೇವಿಸುವುದು ಲೇಸು. ವಾಂತಿ ಆರಂಭವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು.

ಹೆಚ್ಚಿನ ಎಚ್ಚರ ಬೇಕಾದುದು ಇಳಿಯುವಾಗ. ಹವಳದಿಬ್ಬಗಳೊಳಗಿನ ನೀರು ಆಳವಿಲ್ಲದ ಕಾರಣ ಹಲವೆಡೆ ಹಡಗು ಹೊರಗಡಲಿನಲ್ಲೇ ನಿಲ್ಲುತ್ತದೆ. ಅಲೆಯೊಡನೆ ಏರಿಳಿಯುವ ದೋಣಿಗೆ ದಾಟಬೇಕು. ಚೀಲವನ್ನೂ ಎಳೆಯ ಮಕ್ಕಳನ್ನೂ ನಾವಿಕರ ಕೈಗೊಪ್ಪಿಸಿ, ಕೈಗಳೆರಡನ್ನೂ ಬರಿದಾಗಿರಿಸಿಕೊಂಡು, ಅವರು ಹೇಳಿದ ಕ್ಷಣದಲ್ಲೇ ಕಾಲಿಡಬೇಕು. ಸೀರೆಯುಟ್ಟವರು ಸೆರಗು ಬಿಗಿದುಕೊಳ್ಳಲಿ. ಫೋಟೋ ಆಮೇಲೆ ತೆಗೆಯಬಹುದು.

ದಡದಲ್ಲಿ ಬಿದ್ದ ಹವಳದ ಚೂರನ್ನೂ ಮಕ್ಕಳು ಚೀಲಕ್ಕೆ ಹಾಕದಂತೆ ನೋಡಿಕೊಳ್ಳಿ. ಅದು ಶಿಕ್ಷಾರ್ಹ ಅಪರಾಧ.